ನಮ್ಮ ಅಗ್ರಜರ ಅಕ್ಷರ

ಅಕ್ಷರವು ಮನುಷ್ಯನ ಸ್ವಭಾವದ ಕನ್ನಡಿಯೆಂದು ನಾವು ಮೂವತ್ತಮೂರು ವರ್ಷಗಳ ಕಾಲ ಪಾಠಶಾಲೆಯಲ್ಲಿ ಹುಡುಗರಿಗೆ ಹೇಳುತ್ತ ಬಂದವರು. ದುಂಡಗೆ ಬರೆಯುವವನು ಶ್ರದ್ಧಾವಂತನು. ಸೊಟ್ಟಗೆ ಬರೆಯುವವನು ಸೋಮಾರಿ. ಕಾಗದ ಮುಗಿದುಹೋಗುವುದೋ ಎಂಬಂತೆ ಚಿಕ್ಕಚಿಕ್ಕದಾಗಿ ಬರೆಯುವವನು ಜಿಪುಣನು. ಈ ವಿಂಗಡಣೆಯನ್ನು ನಾವು ಅದೆಷ್ಟು ಸಾರಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಅದು ತಪ್ಪೆಂಬುದನ್ನು ನಮಗೆ ಕಲಿಸಿದವರು ನಮ್ಮ ಪೂಜ್ಯ ಅಗ್ರಜರು. ಮಾತಿನಿಂದಲ್ಲ, ತಮ್ಮ ಕಾಯಿಲೆಯಿಂದ.

ಅಗ್ರಜರು ನಮಗಿಂತ ಎಂಟು ವರ್ಷಗಳಷ್ಟು ಹಿರಿಯರು. ತೀರ್ಥರೂಪರು ನಮ್ಮ ಬಾಲ್ಯದಲ್ಲಿಯೇ ಸ್ವರ್ಗಸ್ಥರಾದುದರಿಂದ, ಅಕ್ಕಿಯನ್ನು ಹರಡಿದ ಹರಿವಾಣದ ಮೇಲೆ ನಮ್ಮ ಬೆರಳನ್ನು ಹಿಡಿದು ಓಂಕಾರವನ್ನು ತಿದ್ದಿಸಿದವರು ಅಣ್ಣನೇ. ಮಲೆನಾಡಿನ ನಮ್ಮ ಊರಿನಲ್ಲಿ ಪೌರೋಹಿತ್ಯವನ್ನೂ ಒಂದಿಷ್ಟು ಅಡಕೆ ತೋಟವನ್ನೂ ನೋಡಿಕೊಂಡು ಅವರು ನಿಂತರು. ನಾವು ಸಂಸ್ಕೃತವನ್ನು ಓದಿ, ಉಪಾಧ್ಯಾಯರಾಗಿ, ಊರಿಂದೂರಿಗೆ ವರ್ಗವಾಗುತ್ತ ಹೋದೆವು. ಮನೆಮನೆಗೆ ದೂರವಾಣಿ ಬಂದ ಮೇಲೂ ತಿಂಗಳಿಗೊಂದು ಕಾಗದ ಬರೆಯುವ ಪದ್ಧತಿಯನ್ನು ಅಣ್ಣ ಬಿಟ್ಟಿರಲಿಲ್ಲ. ಅವರ ಅಕ್ಷರವೆಂದರೆ ಅಚ್ಚಿನ ಮೊಳೆ ಜೋಡಿಸಿದಂತೆ. ನಮ್ಮ ತರಗತಿಯ ಹುಡುಗರಿಗೆ ಮೇಲ್ಪಂಕ್ತಿಯಾಗಿ ತೋರಿಸುತ್ತಿದ್ದೆವು.

2015ನೆಯ ಇಸವಿಯಲ್ಲಿ ಆ ಅಕ್ಷರ ಕುಗ್ಗತೊಡಗಿತು. ಕಾಗದದ ಮೊದಲ ಸಾಲು ಎಂದಿನಂತೆಯೇ ಇರುವುದು. ಸಾಲು ಮುಂದುವರಿದಂತೆ ಅಕ್ಷರಗಳು ಚಿಕ್ಕವಾಗುತ್ತ, ಒಂದನ್ನೊಂದು ಒತ್ತಿಕೊಳ್ಳುತ್ತ, ಕೊನೆಗೆ ಇರುವೆಯ ಸಾಲಿನಂತೆ ಆಗಿಬಿಡುವುದು. ಇದನ್ನು ನಾವು ಅಣ್ಣನ ಮಿತವ್ಯಯವೆಂದು ತಿಳಿದೆವು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಉಪಾಧ್ಯಾಯನ ಕೈ ಸುಮ್ಮನಿರುವುದಿಲ್ಲವಷ್ಟೆ! ಒಂದು ಕಾಗದದ ಅಂಚಿನಲ್ಲಿ ಕೆಂಪು ಮಸಿಯಿಂದ, “ಅಕ್ಷರ ಸಾಲದು. ದೊಡ್ಡದಾಗಿ, ಬಿಡಿಸಿ ಬರೆಯತಕ್ಕದ್ದು” ಎಂದು ಬರೆದು, ಹತ್ತಕ್ಕೆ ನಾಲ್ಕು ಅಂಕಗಳನ್ನು ಹಾಕಿ ಅಣ್ಣನಿಗೇ ಹಿಂದಿರುಗಿಸಿದೆವು. ವಿನೋದಕ್ಕೆಂದೇ ಮಾಡಿದುದು. ಅಣ್ಣ ಅದಕ್ಕೆ ಉತ್ತರ ಬರೆಯಲಿಲ್ಲ. ಮುಂದೆ ಎರಡು ತಿಂಗಳು ಕಾಗದವೇ ಬರಲಿಲ್ಲ. ಅಣ್ಣನಿಗೆ ಕೋಪ ಬಂದಿದೆಯೆಂದು ನಾವು ನಕ್ಕೆವು.

ಅದೇ ಕಾಲದಲ್ಲಿ ಊರಿನ ಮನೆಯಲ್ಲಿ ಬೇರೆ ದೂರುಗಳು ಹುಟ್ಟಿಕೊಂಡಿದ್ದವು. ಅಣ್ಣನಿಗೆ ಬಲಗಡೆಯ ಭುಜದಲ್ಲಿ ನೋವು. ಮುಖದಲ್ಲಿ ನಗುವಿಲ್ಲ, ಮೊಮ್ಮಗು ತೊಡೆಯ ಮೇಲೆ ಕುಳಿತರೂ ಮುಖ ಮರದ ಬೊಂಬೆಯದು. ನಡೆಯುವಾಗ ಬಲಗೈ ಬೀಸುವುದಿಲ್ಲ. ಮಂತ್ರ ಹೇಳುವ ಧ್ವನಿ ಎದುರು ಕುಳಿತ ಯಜಮಾನನಿಗೂ ಕೇಳಿಸದಷ್ಟು ತಗ್ಗಿತ್ತು. “ದಕ್ಷಿಣೆ ಕಡಮೆಯಾದುದಕ್ಕೆ ಭಟ್ಟರು ಮಂತ್ರವನ್ನು ನುಂಗುತ್ತಾರೆ” ಎಂದು ಒಬ್ಬರು ಆಡಿದ ಮಾತು ಅತ್ತಿಗೆಯವರ ಕಿವಿಗೂ ಬಿದ್ದಿತು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಮನೆಯೆಲ್ಲ ಕಮಟು ತುಂಬಿದರೂ ಪಕ್ಕದಲ್ಲಿಯೇ ಕುಳಿತಿದ್ದ ಅಣ್ಣನಿಗೆ ಗೊತ್ತಾಗಲಿಲ್ಲವಂತೆ. ಅತ್ತಿಗೆಯವರು, “ಇವರಿಗೆ ಸಂಸಾರದ ಮೇಲೆ ಲಕ್ಷ್ಯವೇ ಇಲ್ಲ” ಎಂದು ನಮ್ಮಲ್ಲಿ ಹೇಳಿಕೊಂಡರು. ಅದಕ್ಕೂ ಎಷ್ಟೋ ವರ್ಷಗಳ ಹಿಂದಿನಿಂದಲೇ ಅಣ್ಣ ನಿದ್ದೆಯಲ್ಲಿ ಕೂಗಿಕೊಳ್ಳುವುದು, ಕಾಲು ಝಾಡಿಸುವುದು ಇದ್ದವು. ಅದನ್ನು ದೃಷ್ಟಿದೋಷವೆಂದು ತೆಗೆದು ನೀವಾಳಿಸಿದ್ದಾಗಿತ್ತು. ಸಮೀಪದ ಪೇಟೆಯ ವೈದ್ಯರೊಬ್ಬರು ಒಂದು ವರ್ಷ ಭುಜಕ್ಕೆ ಎಣ್ಣೆ, ಮಾತ್ರೆ, ಸೂಜಿಮದ್ದುಗಳನ್ನು ಕೊಟ್ಟರು. ಹೀಗೆ ಒಂದೇ ರೋಗವು ನಮ್ಮ ಮನೆಯಲ್ಲಿ ಜಿಪುಣತನ, ಕೋಪ, ಉದಾಸೀನ, ದುರಾಶೆ, ದೃಷ್ಟಿದೋಷ, ಭುಜದ ನೋವು ಎಂಬ ಆರು ಹೆಸರುಗಳಲ್ಲಿ ವಾಸವಾಗಿದ್ದಿತು. ಅದರ ನಿಜವಾದ ಹೆಸರನ್ನು ಹೇಳುವವರಿರಲಿಲ್ಲ.

2017ರ ಶ್ರಾದ್ಧದ ದಿನ ಆಚಮನಕ್ಕೆಂದು ಅಣ್ಣ ಉದ್ಧರಣೆಯನ್ನು ಕೈಗೆ ತೆಗೆದುಕೊಂಡಿದ್ದರು. ನೀರು ಅಂಗೈಗೆ ಬೀಳುವುದಕ್ಕೆ ಮುಂಚೆ ಪಂಚಪಾತ್ರೆಯ ಅಂಚಿಗೆ ಉದ್ಧರಣೆ ತಗುಲಿ ಟಕಟಕನೆ ಶಬ್ದವಾಗತೊಡಗಿತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರೆ ನಡುಕ ಇನ್ನೂ ಹೆಚ್ಚು. ಹೆಬ್ಬೆರಳೂ ತೋರುಬೆರಳೂ ಜಪಮಣಿಯನ್ನು ಉರುಳಿಸುವಂತೆ ಆಡುತ್ತಿದ್ದವು. ನಾವು ಅಂದೇ ನಿಶ್ಚಯಿಸಿ, ವಾರದೊಳಗೆ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು.

ಅಲ್ಲಿಯ ನರರೋಗ ತಜ್ಞರು ರಕ್ತ ತೆಗೆಯುವುದಕ್ಕೆ ಮೊದಲು ಒಂದು ಬಿಳಿಯ ಹಾಳೆಯನ್ನೂ ಲೇಖನಿಯನ್ನೂ ಅಣ್ಣನ ಮುಂದಿಟ್ಟು, “ನಿಮಗೆ ತೋಚಿದ್ದನ್ನು ನಾಲ್ಕು ಸಾಲು ಬರೆಯಿರಿ” ಎಂದರು. ಅಣ್ಣ ನಮ್ಮ ಮುಖವನ್ನೊಮ್ಮೆ ನೋಡಿ, ಬರೆದರು. ಮೊದಲನೆಯ ಪದ ದೊಡ್ಡದು. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಇರುವೆಗಳು. ಅನಂತರ ಸುರುಳಿಯೊಂದನ್ನು ಬರೆಯಿಸಿದರು, ಬೆರಳನ್ನು ಬೆರಳಿಗೆ ತಟ್ಟಿಸಿದರು, ನಡೆಯಿಸಿ ತಿರುಗಿಸಿದರು, ಮೊಣಕೈಯನ್ನು ಮಡಿಸಿ ಬಿಡಿಸಿ ನೋಡಿದರು. ಆಮೇಲೆ, “ಅಕ್ಷರ ಹೀಗೆ ಚಿಕ್ಕದಾಗಿ ಎಷ್ಟು ವರ್ಷವಾಯಿತು? ಹಳೆಯ ಕಾಗದಗಳೇನಾದರೂ ಇವೆಯೆ?” ಎಂದು ಕೇಳಿದರು. ಅಣ್ಣ ತಮ್ಮ ಚೀಲದಿಂದ ಮಡಿಸಿದ ಒಂದು ಕಾಗದವನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಅಂಚಿನಲ್ಲಿ ಕೆಂಪು ಮಸಿಯಲ್ಲಿ ನಮ್ಮ ಷರಾ ಇದ್ದಿತು. ವೈದ್ಯರು ತಾರೀಖನ್ನು ನೋಡಿ, “ಇದು ಬಹಳ ಉಪಯೋಗವಾಯಿತು” ಎಂದರು. ನಾವು ತಲೆಯೆತ್ತಲಿಲ್ಲ.

ರೋಗದ ಹೆಸರು ಪಾರ್ಕಿನ್‌ಸನ್ ರೋಗ. ನಮ್ಮ ವೈದ್ಯರು ಕಂಪವಾತವೆನ್ನುತ್ತಾರೆ. ಚರಕಸಂಹಿತೆಯು ಎಣಿಸಿರುವ ಎಂಬತ್ತು ವಾತವಿಕಾರಗಳಲ್ಲಿ ‘ವೇಪಥು’ ಎಂಬುದೊಂದಿದೆ. ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ತನ್ನ ಶರೀರದ ನಡುಕಕ್ಕೆ ಬಳಸುವ ಶಬ್ದವೂ ಅದೇ. ಆದರೆ ಅರ್ಜುನನ ನಡುಕ ಶೋಕದಿಂದ ಬಂದುದು, ಮಾತಿನಿಂದ ನಿಂತಿತು. ಅಣ್ಣನ ನಡುಕಕ್ಕೆ ಶೋಕವೂ ಕಾರಣವಲ್ಲ, ಉಪದೇಶವೂ ಮದ್ದಲ್ಲ. ಅದಕ್ಕೆ ಮೆದುಳಿನಲ್ಲಿಯೇ ಒಂದು ಸ್ಥಾನವಿದೆಯೆಂಬುದನ್ನು ತಿಳಿಯಲು ಮನುಷ್ಯರಿಗೆ ನೂರು ವರ್ಷಗಳೇ ಹಿಡಿದವು. ಆ ಕಥೆಯನ್ನು ನಾವು ಅಂದಿನಿಂದ ಪುಸ್ತಕಗಳಲ್ಲಿ ಹುಡುಕಿ ಓದಿದ್ದೇವೆ. ವಾಚಕ ಮಹಾಶಯರಿಗೂ ಗೃಹಿಣಿಯರಿಗೂ ಉಪಯೋಗವಾದೀತೆಂದು ಸಂಕ್ಷೇಪವಾಗಿ ಇಲ್ಲಿ ಹೇಳುತ್ತೇವೆ.

1817ರಲ್ಲಿ ಲಂಡನ್ ನಗರದ ಜೇಮ್ಸ್ ಪಾರ್ಕಿನ್‌ಸನ್ ಎಂಬ ವೈದ್ಯರು ‘ನಡುಗುವ ಪಾರ್ಶ್ವವಾಯು’ವನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿ ವರ್ಣಿತರಾದವರು ಆರೇ ಮಂದಿ. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡುದಷ್ಟೇ. ವಿಶ್ರಾಂತಿಯಲ್ಲಿರುವ ಕೈ ನಡುಗುವುದು, ಬೆನ್ನು ಮುಂದಕ್ಕೆ ಬಾಗುವುದು, ನಡೆಯಹೋದವನು ತನಗರಿವಿಲ್ಲದೆ ಓಡತೊಡಗುವುದು, ಇವುಗಳನ್ನು ಒಂದೇ ರೋಗದ ಅಂಗಗಳೆಂದು ಅವರು ಗುರುತಿಸಿದರು. ಅದೇ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸಿನ ಷಾರ್ಕೋ ಎಂಬ ಪಂಡಿತರು, ನಡುಕವೇ ಇಲ್ಲದೆಯೂ ಈ ರೋಗ ಇರಬಹುದೆಂದೂ, ಚಲನೆ ನಿಧಾನವಾಗುವುದು ಬಲಹೀನತೆಯಲ್ಲವೆಂದೂ ತೋರಿಸಿ, ರೋಗಕ್ಕೆ ಪಾರ್ಕಿನ್‌ಸನ್ನರ ಹೆಸರನ್ನು ರೂಢಿಗೆ ತಂದರು. ಆದರೆ ಮೆದುಳಿನ ಯಾವ ಮೂಲೆಯಲ್ಲಿ ದೋಷವಿದೆಯೆಂಬುದು ಇಬ್ಬರಿಗೂ ತಿಳಿಯದೆ ಹೋಯಿತು.

ಮೆದುಳಿನ ನಡುಭಾಗದಲ್ಲಿ, ಬೆನ್ನುಹುರಿಯ ಕಡೆಗೆ ಇಳಿಯುವ ಕಾಂಡದ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಕಪ್ಪುಪಟ್ಟಿಗಳಿವೆ. ಕಪ್ಪಾಗಿರುವುದರಿಂದ ಅವಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಕರಿಯ ದ್ರವ್ಯ’ವೆಂದೇ ಹೆಸರು. 1919ರಲ್ಲಿ ಪ್ಯಾರಿಸಿನಲ್ಲಿ ತ್ರೆತ್ಯಾಕಾಫ್ ಎಂಬ ಯುವಕ ವೈದ್ಯರು, ಈ ರೋಗದಿಂದ ಸತ್ತವರ ಮೆದುಳುಗಳಲ್ಲಿ ಆ ಕಪ್ಪುಪಟ್ಟಿ ಮಾಸಿ, ಅದರ ಕಣಗಳು ನಶಿಸಿರುವುದನ್ನು ಕಂಡು ತಮ್ಮ ಪ್ರಬಂಧದಲ್ಲಿ ಬರೆದರು. ಆ ಕಣಗಳ ಕೆಲಸವೇನೆಂಬುದು ಮಾತ್ರ ಇನ್ನೂ ನಾಲ್ವತ್ತು ವರ್ಷಗಳ ತನಕ ಗುಟ್ಟಾಗಿಯೇ ಉಳಿಯಿತು.

ಆ ಗುಟ್ಟು ಒಡೆದ ಬಗೆಯಲ್ಲಿ ನಮ್ಮ ಹಿತ್ತಿಲಿನ ಎರಡು ಗಿಡಗಳ ಪಾತ್ರವಿದೆಯೆಂಬುದನ್ನು ಓದಿದಾಗ ನಮಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಮೊದಲನೆಯದು ಸರ್ಪಗಂಧಿ. ಉನ್ಮಾದಕ್ಕೂ ನಿದ್ರಾನಾಶಕ್ಕೂ ನಮ್ಮ ದೇಶದಲ್ಲಿ ಹಿಂದಿನಿಂದ ಬಳಸುತ್ತಿದ್ದ ಬೇರು ಅದು. ಅದರಿಂದ 1952ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದನ್ನು ಹೆಚ್ಚಾಗಿ ಸೇವಿಸಿದ ಕೆಲವರಿಗೆ ಮೈ ಬಿಗಿದು, ಪಾರ್ಕಿನ್‌ಸನ್ ರೋಗದವರಂತೆಯೇ ಆಗುತ್ತಿದ್ದಿತು. 1957ರಲ್ಲಿ ಸ್ವೀಡನ್ ದೇಶದ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಮೊಲಗಳಿಗೆ ಈ ಮದ್ದನ್ನು ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಕುಳಿತಲ್ಲಿಯೇ ಕುಳಿತವು. ಅನಂತರ ಡೋಪಾ ಎಂಬ ದ್ರವ್ಯವನ್ನು ಚುಚ್ಚಿದೊಡನೆ, ಸ್ವಲ್ಪ ಹೊತ್ತಿನಲ್ಲಿಯೇ ಅವು ಕಿವಿ ನಿಮಿರಿಸಿ ಓಡಾಡತೊಡಗಿದವು. ಮೆದುಳಿನಲ್ಲಿ ಡೋಪಮೀನ್ ಎಂಬುದೊಂದು ದೂತದ್ರವ್ಯವಿದೆಯೆಂದೂ, ಚಲನೆಗೆ ಅದು ಬೇಕೆಂದೂ ಇದರಿಂದ ಹೊಳೆಯಿತು. ಈ ಕಾರ್ಯಕ್ಕಾಗಿ 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಎರಡನೆಯ ಗಿಡ ನಸುಗುನ್ನಿ. ಸಂಸ್ಕೃತದಲ್ಲಿ ಕಪಿಕಚ್ಛು, ಆತ್ಮಗುಪ್ತಾ. ಹುಡುಗರಾಗಿದ್ದಾಗ ನಾವು ಅದರ ಕಾಯಿಯ ಸುಂಕನ್ನು ಇನ್ನೊಬ್ಬರ ಅಂಗಿಯೊಳಗೆ ಉದುರಿಸಿ ತುರಿಕೆ ಹತ್ತಿಸಿ, ಅಣ್ಣನಿಂದ ಏಟು ತಿಂದುದುಂಟು. ಅದೇ ಕಾಯಿಯ ಬೀಜದಲ್ಲಿ ಲೆವೊಡೋಪಾ ಇದೆಯೆಂಬುದನ್ನು 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ಬೇರ್ಪಡಿಸಿ ತೋರಿಸಿದ್ದರು. ಆಗ ಅದು ಯಾವ ರೋಗಕ್ಕೆ ಮದ್ದಾದೀತೆಂದು ಯಾರಿಗೂ ತಿಳಿದಿರಲಿಲ್ಲ.

ಈ ಎರಡು ಎಳೆಗಳನ್ನು ಕೂಡಿಸಿದುದು ವಿಯೆನ್ನಾ ನಗರ. ಅಲ್ಲಿ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್ ಎಂಬ ಇಬ್ಬರು, ಈ ರೋಗದಿಂದ ಸತ್ತವರ ಮೆದುಳನ್ನೂ, ಈ ರೋಗವಿಲ್ಲದೆ ಸತ್ತವರ ಮೆದುಳನ್ನೂ ಹೋಲಿಸಿ ಅಳೆದು ನೋಡಿ, ರೋಗಿಗಳ ಮೆದುಳಿನಲ್ಲಿ ಡೋಪಮೀನ್ ತೀರ ಕಡಮೆಯಾಗಿದೆಯೆಂದು 1960ರಲ್ಲಿ ಪ್ರಕಟಿಸಿದರು. ಕಪ್ಪುಪಟ್ಟಿಯ ಕಣಗಳು ತಯಾರಿಸುತ್ತಿದ್ದುದು ಅದನ್ನೇ. ಡೋಪಮೀನನ್ನೇ ರಕ್ತಕ್ಕೆ ಸೇರಿಸಿದರೆ ಪ್ರಯೋಜನವಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ಕಟ್ಟನ್ನು ಅದು ದಾಟಲಾರದು. ಲೆವೊಡೋಪಾ ದಾಟುತ್ತದೆ, ದಾಟಿದ ಮೇಲೆ ಡೋಪಮೀನ್ ಆಗುತ್ತದೆ. 1961ರಲ್ಲಿ ಬಿರ್ಕ್‌ಮೇಯರ್ ಮತ್ತು ಹಾರ್ನಿಕೀವಿಚ್ ಇದನ್ನು ರೋಗಿಗಳಿಗೆ ಚುಚ್ಚಿದಾಗ ಹಾಸಿಗೆಯಿಂದ ಏಳಲಾರದವರು ಎದ್ದು ನಡೆದರು. ಆದರೆ ಕೆಲವೇ ಗಂಟೆಗಳ ಮಟ್ಟಿಗೆ. 1967ರಲ್ಲಿ ಅಮೆರಿಕದಲ್ಲಿ ಕೋಟ್ಸಿಯಾಸ್ ಎಂಬ ವೈದ್ಯರು ಬಾಯಿಯ ಮೂಲಕವೇ ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಕೊಡುವ ಕ್ರಮವನ್ನು ಸಾಧಿಸಿದರು. ಮೆದುಳನ್ನು ಸೇರುವ ಮೊದಲೇ ಅದು ವ್ಯರ್ಥವಾಗದಂತೆ ತಡೆಯುವ ಮತ್ತೊಂದು ಮದ್ದನ್ನು ಅದರೊಡನೆ ಬೆರೆಸುವುದು ಆಮೇಲಿನ ಸುಧಾರಣೆ. ಇಂದಿಗೂ ಈ ರೋಗಕ್ಕೆ ಮುಖ್ಯವಾದ ಮದ್ದು ಇದೇ.

ಅಣ್ಣನಿಗೆ ಕೊಟ್ಟದ್ದೂ ಇದನ್ನೇ. ಮೂರನೆಯ ವಾರದಲ್ಲಿ ಅವರು ತಾವೇ ಕಚ್ಚೆಯನ್ನು ಉಟ್ಟರು. ಒಂದು ತಿಂಗಳಿಗೆ ನಮಗೊಂದು ಕಾಗದ ಬಂದಿತು. ಅಕ್ಷರ ಹಿಂದಿನಷ್ಟು ಅಲ್ಲದಿದ್ದರೂ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಿತ್ತು. ಕೆಳಗೆ, “ಈ ಸಾರಿ ಎಷ್ಟು ಅಂಕ?” ಎಂದು ಕೇಳಿದ್ದರು. ಆ ಕಾಗದವನ್ನು ಓದಿ ನಾವು ಅತ್ತೆವೆಂದು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಗೃಹಿಣಿಯರು ಗಮನಿಸಬೇಕಾದ ಒಂದೆರಡು ಸಂಗತಿಗಳು. ಈ ಮಾತ್ರೆಯನ್ನು ಊಟದೊಂದಿಗೆ ನುಂಗಿಸಬಾರದು. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವುದು ಲೇಸು. ಬೇಳೆ, ಹಾಲು, ಮೊಸರುಗಳ ಸತ್ತ್ವವು ಇದರೊಡನೆ ಸ್ಪರ್ಧಿಸಿ ದಾರಿಗೆ ಅಡ್ಡ ಬರುತ್ತದೆ. ಗಂಟೆಯ ನಿಯಮ ಸಂಧ್ಯಾವಂದನೆಯಷ್ಟೇ ಕಟ್ಟುನಿಟ್ಟು. ವೈದ್ಯರನ್ನು ಕೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ನಸುಗುನ್ನಿಯ ಬೀಜದಲ್ಲಿಯೇ ಮದ್ದಿದೆಯಲ್ಲವೆ ಎಂದು ಅದನ್ನು ಕುಟ್ಟಿ ಕುಡಿಸಲು ಹೊರಡುವುದೂ ತಪ್ಪು. ಯಾವ ಬೀಜದಲ್ಲಿ ಎಷ್ಟಿದೆಯೆಂಬುದು ಮನೆಯ ತಕ್ಕಡಿಗೆ ತಿಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ನಮಗೆ ಕಲಿಸಿದುದು ಅತ್ತಿಗೆಯವರ ರಂಗೋಲಿ. ಈ ರೋಗದವರಿಗೆ ಬಾಗಿಲು, ಇಕ್ಕಟ್ಟಾದ ಓಣಿ, ತಿರುವುಗಳಲ್ಲಿ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವುದುಂಟು. ಅಣ್ಣ ದೇವರ ಮನೆಯ ಮುಂದೆ ಹೀಗೆ ನಿಂತರೆ ಐದು ನಿಮಿಷವಾದರೂ ಹೆಜ್ಜೆ ಏಳದು. ಹಿಂದಿನಿಂದ ಎಳೆದರೂ ತಳ್ಳಿದರೂ ಬೀಳುವ ಭಯ. ಒಂದು ಶುಕ್ರವಾರ ಕೆಂಪುಗಾರೆಯ ನೆಲದ ಮೇಲೆ ಅತ್ತಿಗೆಯವರು ಅಡ್ಡವಾಗಿ ನಾಲ್ಕು ಎಳೆ ರಂಗೋಲಿ ಇಟ್ಟಿದ್ದರು. ರಂಗೋಲಿಯನ್ನು ತುಳಿಯಬಾರದೆಂದು ಅಣ್ಣ ಕಾಲೆತ್ತಿ ಒಂದೊಂದೇ ಎಳೆಯನ್ನು ದಾಟಿ ಒಳಕ್ಕೆ ಹೋಗಿಯೇಬಿಟ್ಟರು. ಮನೆಯವರೆಲ್ಲ ಪವಾಡವೆಂದರು. ಬೆಂಗಳೂರಿನ ವೈದ್ಯರನ್ನು ಕೇಳಿದಾಗ, ಅದು ಪವಾಡವಲ್ಲವೆಂದೂ, ನೆಲದ ಮೇಲಿನ ಅಡ್ಡಗೆರೆಗಳೂ ತಾಳದ ಪೆಟ್ಟುಗಳೂ ನಿಂತ ಹೆಜ್ಜೆಯನ್ನು ಬಿಡಿಸುವುದು ಪರೀಕ್ಷಿತವಾದ ವಿಷಯವೆಂದೂ ಹೇಳಿದರು. ತಾನಾಗಿ ನಡೆಯಬೇಕಾದ ದಾರಿ ಮುಚ್ಚಿದ್ದರೂ, ನೋಡಿ ಅಥವಾ ಕೇಳಿ ನಡೆಯುವ ಇನ್ನೊಂದು ದಾರಿ ಮೆದುಳಿನಲ್ಲಿ ತೆರೆದಿರುತ್ತದೆಯಂತೆ. ಅಂದಿನಿಂದ ಆ ಎಳೆಗಳು ಸುಣ್ಣದ ಗೆರೆಗಳಾಗಿ ಉಳಿದವು. ಅಂಗಳದಲ್ಲಿ ನಡೆಯುವಾಗ ನಾವು ಪಕ್ಕದಲ್ಲಿ ಅನುಷ್ಟುಪ್ಪಿನ ಎಂಟೆಂಟು ಅಕ್ಷರಗಳನ್ನು ಎಣಿಸಿ ಹೇಳುತ್ತೇವೆ. ಅಣ್ಣ ಗಟ್ಟಿಯಾಗಿ ಹೇಳುತ್ತ ಹೆಜ್ಜೆ ಹಾಕುತ್ತಾರೆ. ಛಂದಸ್ಸಿಗೆ ಪಾದವೆಂಬ ಹೆಸರು ಏತಕ್ಕೆ ಬಂದಿತೋ ನಾವರಿಯೆವು; ನಮ್ಮ ಅಂಗಳದಲ್ಲಿ ಮಾತ್ರ ಅದು ಅನ್ವರ್ಥವಾಯಿತು.

ಆದರೆ ವಾಚಕರಿಗೆ ಸುಳ್ಳು ಸಮಾಧಾನವನ್ನು ಹೇಳಲಾರೆವು. ಲೆವೊಡೋಪಾ ಕೊರತೆಯನ್ನು ತುಂಬುತ್ತದೆಯೇ ಹೊರತು ಕಣಗಳ ನಾಶವನ್ನು ನಿಲ್ಲಿಸುವುದಿಲ್ಲ. ರೋಗದ ಲಕ್ಷಣ ಕಣ್ಣಿಗೆ ಕಾಣಿಸುವ ವೇಳೆಗೆ ಆ ಕಣಗಳಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಹೋಗಿಬಿಟ್ಟಿರುತ್ತವೆ. ವರ್ಷಗಳು ಕಳೆದಂತೆ ಮಾತ್ರೆಯ ಬಲ ಬೇಗ ಇಳಿಯುತ್ತದೆ. ಮೈ ಬೇಡದ ರೀತಿಯಲ್ಲಿ ಕುಣಿಯುವುದೂ ಉಂಟು. ಅಣ್ಣ ಈಗ ಆ ಹಂತದಲ್ಲಿದ್ದಾರೆ. ಕೆಲವರಿಗೆ ಮೆದುಳಿನ ಆಳಕ್ಕೆ ಸಣ್ಣ ತಂತಿಯನ್ನು ಇಳಿಸಿ ವಿದ್ಯುತ್ತಿನಿಂದ ಪ್ರಚೋದಿಸುವ ಶಸ್ತ್ರಕ್ರಿಯೆಯಿಂದ ಬಹಳ ಉಪಕಾರವಾಗುತ್ತದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಬೆನಾಬಿಡ್ ಮತ್ತು ಸಂಗಡಿಗರು 1987ರಲ್ಲಿ ಅದನ್ನು ಆರಂಭಿಸಿದರು. ಎಲ್ಲರಿಗೂ ಅದು ಹೊಂದುವುದಿಲ್ಲ. ಅಣ್ಣನಿಗೆ ಹೊಂದದೆಂದು ವೈದ್ಯರು ತಿಳಿಸಿದರು.

ಇಂಥ ಸಮಯದಲ್ಲಿಯೇ ಮನೆಗೆ ಮೋಸ ಬರುವುದು. ಮೂಲಕೋಶಗಳನ್ನು ಬೆನ್ನುಹುರಿಗೆ ಚುಚ್ಚಿ ರೋಗವನ್ನು ಬೇರುಸಹಿತ ಕೀಳುತ್ತೇವೆಂಬ ಜಾಹೀರಾತೊಂದನ್ನು ನೋಡಿ, ನಾವು ತೋಟದ ಒಂದು ಭಾಗವನ್ನು ಮಾರುವ ಮಾತನ್ನೂ ಆಡಿದ್ದೆವು. ವೈದ್ಯರು ತಡೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನಿಯಮಾವಳಿಯಂತೆ ಇಂಥ ರೋಗಗಳಿಗೆ ಮೂಲಕೋಶಗಳನ್ನು ಒಪ್ಪಿಗೆ ಪಡೆದ ಪರೀಕ್ಷೆಯೊಳಗಲ್ಲದೆ ಹಣಕ್ಕೆ ಮಾರತಕ್ಕದ್ದಲ್ಲ. ನಿಜವಾದ ಪರೀಕ್ಷೆ ಹೇಗಿರುತ್ತದೆಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಉದಾಹರಣೆಯಿದೆ. ಡೋಪಮೀನ್ ತಯಾರಿಸುವ ಕಣಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ರೋಗಿಗಳ ಮೆದುಳಿನಲ್ಲಿ ನೆಡುವ ಕೆಲಸವನ್ನು ಅಲ್ಲಿ 2018ರಲ್ಲಿ ಆರಂಭಿಸಿದರು. ಏಳು ಮಂದಿಯ ಮೇಲಿನ ಫಲವನ್ನು 2025ರಲ್ಲಿ ಪ್ರಕಟಿಸಿದರು. ಮೊದಲು ನೋಡಿದುದು ಅಪಾಯವಿಲ್ಲವೆಂಬುದನ್ನು. ಗುಣದ ಮಾತು ಅನಂತರ. ಏಳು ಮಂದಿಗೆ ಏಳು ವರ್ಷ! ವಿದ್ಯೆ ನಡೆಯುವ ವೇಗ ಅದು. ಜಾಹೀರಾತು ನಡೆಯುವ ವೇಗವೇ ಬೇರೆ.

ಈಗ ಅಗ್ರಜರು ವರ್ಷದ ಬಹುಭಾಗ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಿವೃತ್ತರಾದ ಮೇಲೆ ನಾವೂ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತೇವೆ. ಹೋದ ವರ್ಷ ಒಂದು ಸಂಜೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅಣ್ಣ, “ಇದನ್ನು ಕಂಡುಹಿಡಿದ ಬಗೆಯನ್ನು ಇನ್ನೊಮ್ಮೆ ಹೇಳು” ಎಂದರು. ವಿಯೆನ್ನಾದ ಕಥೆಯನ್ನು ಹೇಳಿದೆವು. ಕೇಳಿ, ಬಹಳ ಹೊತ್ತಿನ ಮೇಲೆ, “ಆ ಸತ್ತವರ ಹೆಸರೇನು?” ಎಂದರು.

“ಅಳೆದವರ ಹೆಸರು ಪುಸ್ತಕದಲ್ಲಿದೆ, ಅಣ್ಣ. ಸತ್ತವರ ಹೆಸರು ಇಲ್ಲ.”

“ಹೆಸರು ಗೋತ್ರ ತಿಳಿಯದವರಿಗೂ ತರ್ಪಣವುಂಟು. ಮಹಾಲಯದಲ್ಲಿ ನಾನೇ ಎಷ್ಟೋ ಮಂದಿಯಿಂದ ಬಿಡಿಸಿದ್ದೇನೆ. ಆದರೆ ದಿನಕ್ಕೆ ಐದು ಸಾರಿ ಅವರ ಕಡೆಯಿಂದ ಇಸಿದುಕೊಂಡು, ವರ್ಷಕ್ಕೊಂದು ಸಾರಿ ನೀರು ಬಿಟ್ಟರೆ ಋಣ ಹರಿಯಿತೇನೋ?”

ಆಮೇಲೆ ತಿಳಿಯಿತು, ಮಗಳಿಂದ ಅವರು ಎಲ್ಲವನ್ನೂ ವಿಚಾರಿಸಿಕೊಂಡಿದ್ದರೆಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮೆದುಳಿನ ಭಂಡಾರವೊಂದಿದೆ. ಮರಣಾನಂತರ ಸಂಬಂಧಿಕರ ಒಪ್ಪಿಗೆಯಿಂದ ಮೆದುಳನ್ನು ಅಲ್ಲಿ ಪಡೆದು, ಸಂಶೋಧನೆಗೆ ಕಾಪಿಡುತ್ತಾರೆ. ತಡವಾದರೆ ಮೆದುಳು ಕೆಡುವುದರಿಂದ ಕೆಲವೇ ಗಂಟೆಗಳೊಳಗೆ ಕೆಲಸ ಮುಗಿಯಬೇಕು; ದೇಹವನ್ನು ಸಂಸ್ಕಾರಕ್ಕೆ ಮನೆಯವರಿಗೆ ಹಿಂದಿರುಗಿಸುತ್ತಾರೆ. ಅಣ್ಣ ಮಗಳ ಮನೆಯಲ್ಲಿ ನಿಂತುದಕ್ಕೆ ಇದೂ ಒಂದು ಕಾರಣವಾಗಿದ್ದಿತು.

ನಾವು ಒಪ್ಪಲಿಲ್ಲ. ಅಂತ್ಯೇಷ್ಟಿಯೆಂದರೆ ಕೊನೆಯ ಇಷ್ಟಿ. ದೇಹವೇ ಅದರಲ್ಲಿ ಹವಿಸ್ಸು. ಊನವಾದ ಹವಿಸ್ಸನ್ನು ಅಗ್ನಿಗೆ ಕೊಡಬಹುದೆ ಎಂದು ವಾದಿಸಿದೆವು. ನಮ್ಮ ಸಂಸ್ಕೃತವೆಲ್ಲ ಅಂದು ಉಪಯೋಗಕ್ಕೆ ಬಂದಿತು. ಅಣ್ಣ ಸಮಾಧಾನವಾಗಿ ಕೇಳಿ, ತಗ್ಗಿದ ಧ್ವನಿಯಲ್ಲಿ, “ನಲವತ್ತು ವರ್ಷ ನಾನು ಈ ಕ್ರಿಯೆಗಳನ್ನು ಮಾಡಿಸಿದವನು. ಕಾಲು ಕತ್ತರಿಸಿಕೊಂಡವರಿದ್ದರು, ಅಪಘಾತದವರಿದ್ದರು, ಪೊಲೀಸರ ಪರೀಕ್ಷೆ ಮುಗಿಸಿ ಬಂದ ಹೆಣಗಳಿದ್ದವು. ಯಾರ ಮನೆಯವರಿಗೂ ಹವಿಸ್ಸು ಊನವೆಂದು ಹೇಳಿ ನಾನು ಎದ್ದು ಬರಲಿಲ್ಲ. ನನ್ನದಕ್ಕೆ ಏಕೆ ಬೇರೆ ಶಾಸ್ತ್ರ?” ಎಂದರು. ನಾವು ದಧೀಚಿ ಮಹರ್ಷಿಗಳ ಹೆಸರೆತ್ತಲು, ನಗು ಬಾರದ ಆ ಮುಖದಲ್ಲಿ ಕಣ್ಣು ಮಾತ್ರ ನಕ್ಕಿತು. “ಅಷ್ಟು ದೊಡ್ಡ ಮಾತು ಬೇಡ. ದಧೀಚಿ ಬದುಕಿರುವಾಗ ಕೊಟ್ಟ. ನಾನು ಉಪಯೋಗಿಸಿ ಮುಗಿದ ಮೇಲೆ ಕೊಡುವವನು.”

ಆ ಸಂಸ್ಥೆಯಲ್ಲಿ ಮೆದುಳಿನ ವಸ್ತುಸಂಗ್ರಹಾಲಯವೂ ಇದೆ. ಸಾಮಾನ್ಯ ಜನರೂ ನೋಡಬಹುದು. ನಾವೊಬ್ಬರೇ ಒಂದು ದಿನ ಹೋದೆವು. ಕೈಗವಸು ತೊಡಿಸಿ ಮೆದುಳೊಂದನ್ನು ನಮ್ಮ ಅಂಗೈಗಳಲ್ಲಿ ಇರಿಸಿದರು. ಸುಮಾರು ಒಂದೂಕಾಲು ಸೇರಿನಷ್ಟು ಭಾರವಿದ್ದೀತು. ಯಾವ ಗುರುವಿನಿಂದ ಯಾವ ಅಕ್ಷರವನ್ನು ಕಲಿತ ಮೆದುಳೋ! ಅಳುಕು ಬರಬಹುದೆಂದುಕೊಂಡಿದ್ದೆವು, ಬಂದುದು ಬೇರೆ. ಇದನ್ನು ಕೊಟ್ಟ ಮನೆಯವರು ಶೋಕದ ಆ ಹೊತ್ತಿನಲ್ಲಿ ಹೂಂ ಎಂದಿರಬೇಕಷ್ಟೆ ಎಂಬ ಯೋಚನೆಯಿಂದ ಕೈ ತಾನಾಗಿ ಜೋಡಿಸಹೋಯಿತು. ಕೈಯಲ್ಲಿ ಮೆದುಳಿದ್ದುದರಿಂದ ಆಗಲಿಲ್ಲ.

ಮರುದಿನ ಅಣ್ಣನ ಇಚ್ಛಾಪತ್ರಕ್ಕೆ ಸಾಕ್ಷಿಯ ಜಾಗದಲ್ಲಿ ನಾವು ರುಜು ಹಾಕಿದೆವು. ಅಣ್ಣ ತಮ್ಮ ಹೆಸರನ್ನು ಬರೆಯಲು ತೆಗೆದುಕೊಂಡ ಹೊತ್ತು ಎರಡು ನಿಮಿಷಕ್ಕೂ ಹೆಚ್ಚು. ಕೊನೆಯ ಅಕ್ಷರಗಳು ಕಡಲೆಕಾಳಿಗಿಂತ ಚಿಕ್ಕವು. ಸರಿಯಾಗಿದೆಯೆ ಎಂಬಂತೆ ನಮ್ಮತ್ತ ನೋಡಿದರು. ಸರಿಯಾಗಿದೆಯೆಂದೆವು.

ಸಂಶೋಧನೆಗೆ ರೋಗಿಯ ಮೆದುಳಿನಷ್ಟೇ ರೋಗವಿಲ್ಲದವನ ಮೆದುಳೂ ಬೇಕು. ಹೋಲಿಸಲು ಇನ್ನೊಂದಿಲ್ಲದೆ ವಿಯೆನ್ನಾದಲ್ಲಿಯೂ ಏನೂ ತಿಳಿಯುತ್ತಿರಲಿಲ್ಲ. ಆದುದರಿಂದ ನಮ್ಮ ಹೆಸರಿನದೊಂದು ಪತ್ರವನ್ನೂ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ನಮ್ಮ ಮನೆಯಾಕೆ ಇನ್ನೂ ಒಪ್ಪಿಲ್ಲ; ಕೊನೆಗೆ ಹೂಂ ಎನ್ನಬೇಕಾದವರು ಅವರು. ನಾವು ಒತ್ತಾಯ ಮಾಡಿಲ್ಲ. ನಮಗೇ ಎಷ್ಟು ದಿನ ಹಿಡಿಯಿತು!

ವಾಚಕರಲ್ಲಿ ನಮ್ಮ ಪ್ರಾರ್ಥನೆ ಒಂದೇ. ನಿಮ್ಮ ಮನೆಯ ಹಿರಿಯರ ಅಕ್ಷರ ಚಿಕ್ಕದಾದರೆ, ಧ್ವನಿ ತಗ್ಗಿದರೆ, ಮುಖ ಬಿಗಿದರೆ, ಮೂಗಿಗೆ ವಾಸನೆ ತಿಳಿಯದಾದರೆ, ಒಂದು ಕೈ ಬೀಸದಾದರೆ, ಅದನ್ನು ಅವರ ಗುಣದ ಲೆಕ್ಕಕ್ಕೆ ಬರೆಯುವ ಮೊದಲು ನರರೋಗ ಬಲ್ಲ ವೈದ್ಯರಿಗೆ ತೋರಿಸಿರಿ. ಎಲ್ಲವೂ ಈ ರೋಗವೇ ಆಗಬೇಕೆಂದಿಲ್ಲ. ತೋರಿಸಿದುದರಿಂದ ನಷ್ಟವಂತೂ ಇಲ್ಲ. ನಾವು ಹತ್ತಕ್ಕೆ ನಾಲ್ಕು ಅಂಕಗಳನ್ನು ಹಾಕಿದ ಆ ಕಾಗದ ಇಂದಿಗೂ ಅಣ್ಣನ ವೈದ್ಯಕೀಯ ಕಡತದಲ್ಲಿದೆ. ಮರಳಿ ಕೊಡಿಸಿಕೊಂಡು ಹರಿದುಹಾಕಬೇಕೆಂದು ಒಮ್ಮೆ ಕೇಳಿದೆವು. “ಇರಲಿ ಬಿಡೋ, ತಾರೀಖಿದೆ” ಎಂದರು ಅಣ್ಣ.